ಆರು ರಾತ್ರಿ, ಮೂರೇ ಊರು: ಭೂತಾನಿಗೆ ಹೊರಡುವವರ ಜೊತೆ ಒಂದು ಮಾತುಕತೆ

(ತೀರ್ಥಹಳ್ಳಿಯಲ್ಲಿ ನಮ್ಮ ಗೆಳೆಯರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತು ಇದು. ಬರಲಾಗದವರು ಕೇಳಿದರು ಅಂತ ಬರೆದು ಕೊಟ್ಟಿದ್ದೇನೆ. ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಭೂತಾನಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. 2018ರಲ್ಲಿ ನಾವು ಏಳು ಜನ ಹೋಗಿದ್ದೆವು. ಐದು ರಾತ್ರಿ, ಐದು ಊರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು, ಹಾಗಾಗಿ ಯೋಜನೆಯನ್ನೂ ನಾನೇ ಹಾಕಿದೆ. ನಕ್ಷೆ ನೋಡಿದೆ. ಇಲ್ಲಿಂದ ಅಲ್ಲಿಗೆ 75 ಕಿಲೋಮೀಟರ್, ಅಲ್ಲಿಂದ ಇನ್ನೊಂದು ಕಡೆಗೆ 130. ಎಲ್ಲ ಕೂಡಿ ಕಳೆದು, ಬೆಳಿಗ್ಗೆ ಒಂದು ಊರು ಮಧ್ಯಾಹ್ನ ಒಂದು ಊರು ಅಂತ ಚೀಟಿ ಮಾಡಿ ಎಲ್ಲರಿಗೂ ಹಂಚಿದೆ. ಐದು ದಿನದಲ್ಲಿ ನಾವು ಚೆನ್ನಾಗಿ ನೋಡಿದ್ದು ಕಾರಿನ ಕಿಟಕಿ ಒಂದನ್ನೇ. ನನ್ನ ಹೆಂಡತಿ ಅದರ ಕೆಳಗಿನ ಪ್ಲಾಸ್ಟಿಕ್ ಕವರನ್ನೂ ನೋಡಿದಳು.

ಎರಡನೇ ಸಲ 2024ರ ಏಪ್ರಿಲ್‌ನಲ್ಲಿ ಹೋದಾಗ ಆರು ರಾತ್ರಿಗೆ ಮೂರೇ ಊರು ಇಟ್ಟುಕೊಂಡೆವು. ಇವತ್ತು ನಾನು ಹೇಳುವುದೆಲ್ಲ ಆ ಎರಡು ಪ್ರವಾಸಗಳ ನಡುವಿನ ವ್ಯತ್ಯಾಸ, ಅಷ್ಟೇ.

ಮೊದಲು ಕಾಗದಪತ್ರದ ಮಾತು. ಬೇಜಾರಿನ ವಿಷಯ ನಿಜ, ಆದರೆ ಇಲ್ಲಿ ಎಡವಿದರೆ ಮುಂದಿನದೆಲ್ಲ ಹೇಳಿ ಪ್ರಯೋಜನ ಇಲ್ಲ. ಭಾರತದವರಿಗೆ ಭೂತಾನಿಗೆ ವೀಸಾ ಬೇಡ. ಆದರೆ ಒಳಗೆ ಹೋಗಲು ಪರ್ಮಿಟ್ ಬೇಕು. ಅದಕ್ಕೆ ಎರಡೇ ಗುರುತಿನ ದಾಖಲೆ ನಡೆಯುತ್ತವೆ. ಒಂದು ಪಾಸ್‌ಪೋರ್ಟ್, ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇನ್ನೊಂದು ವೋಟರ್ ಕಾರ್ಡ್. ಆಧಾರ್ ನಡೆಯುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಆಧಾರ್ ನಡೆಯುವುದಿಲ್ಲ. ನಮ್ಮಲ್ಲಿ ಗ್ಯಾಸಿಗೆ ಆಧಾರ್, ಸಿಮ್ಮಿಗೆ ಆಧಾರ್, ರೇಷನ್ನಿಗೆ ಆಧಾರ್ ಅಂತ ಎಷ್ಟು ಅಭ್ಯಾಸ ಆಗಿದೆ ಅಂದರೆ, ಬೇರೆ ದೇಶಕ್ಕೆ ಹೋಗುವಾಗಲೂ ಕೈ ಅದನ್ನೇ ಎತ್ತಿಕೊಳ್ಳುತ್ತದೆ.

ನನ್ನ ಭಾವ ಹಾಗೇ ಮಾಡಿದರು. 2018ರಲ್ಲಿ ಗಡಿಯ ಜೈಗಾಂವ್ ತನಕ ಬಂದು, ಕಿಸೆಯಿಂದ ಆಧಾರ್ ತೆಗೆದರು. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ನಾವು ಆರು ಜನ ಒಳಗೆ ಹೋದೆವು. ಭಾವ ವಾಪಸು ಹೋಗಿ ಡಾರ್ಜಿಲಿಂಗಿನಲ್ಲಿ ಉಳಿದರು. ಅಲ್ಲಿಂದ ಅವರು ಕಳಿಸಿದ ಫೋಟೋಗಳು ನಮ್ಮದಕ್ಕಿಂತ ಚೆನ್ನಾಗಿದ್ದವು, ಅದು ಬೇರೆ ಮಾತು.

ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ ಆಗುತ್ತದೆ, ಅಪ್ಪ ಅಮ್ಮನ ದಾಖಲೆ ಜೊತೆಗಿರಬೇಕು. ವೋಟರ್ ಕಾರ್ಡ್ ಒಯ್ಯುವವರು ಈಗಲೇ ಅದನ್ನು ತೆಗೆದು ನೋಡಿ. ಹಳೇ ಕಾರ್ಡಿನಲ್ಲಿ ಫೋಟೋ ಮಸಿ ಬಳಿದ ಹಾಗೆ ಇರುತ್ತದೆ. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಪರ್ಮಿಟ್ ಅರ್ಜಿಯಲ್ಲಿ, ವಿಮಾನದ ಟಿಕೆಟ್ಟಿನಲ್ಲಿ, ಕಾರ್ಡಿನಲ್ಲಿ ಮೂರೂ ಕಡೆ ಒಂದೇ ಹೆಸರು ಇರಲಿ. ಅಸಲು ಕಾರ್ಡೇ ಒಯ್ಯಿರಿ. ಮೊಬೈಲಿನಲ್ಲಿ ತೆಗೆದ ಫೋಟೋ ಅಲ್ಲ.

ಪರ್ಮಿಟ್ಟಿಗೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಗಡಿ ಊರಾದ ಫುಂಟ್ಶೋಲಿಂಗ್‌ನಲ್ಲೂ ಮಾಡಿಸಬಹುದು. ಮುಂಚೆಯೇ ಹಾಕುವುದು ಒಳ್ಳೆಯದು. ಗಡಿಯ ಸಾಲಿನಲ್ಲಿ ಅರ್ಧ ದಿನ ಹೋಗುವುದು ತಪ್ಪುತ್ತದೆ. ಅರ್ಜಿಯಲ್ಲಿ ಹೋಗಬೇಕೆಂದಿರುವ ಊರುಗಳನ್ನೆಲ್ಲ ಮೊದಲೇ ಬರೆದುಬಿಡಿ.

ಈಗ ದುಡ್ಡು. 'ಭೂತಾನ್ ದುಬಾರಿಯಂತೆ, ಹೌದಾ?' ಅಂತ ಸಭೆ ಶುರುವಾಗುವ ಮುಂಚೆಯೇ ಒಬ್ಬರು ಕೇಳಿದರು. ಉತ್ತರ ನಿಮ್ಮ ಪಾಸ್‌ಪೋರ್ಟಿನ ಬಣ್ಣದ ಮೇಲೆ ನಿಂತಿದೆ.

ಭೂತಾನ್ ಹೊರಗಿನವರಿಗೆ ಬಾಗಿಲು ತೆರೆದದ್ದೇ 1974ರಲ್ಲಿ. ಆಗಿನಿಂದಲೂ ಅವರ ನೀತಿ ಒಂದೇ, ಜನ ಕಡಿಮೆ ಬರಲಿ, ಬಂದವರು ದುಡ್ಡು ಕೊಟ್ಟು ಬರಲಿ ಅಂತ. ಅದಕ್ಕೆ ರಾತ್ರಿಗಿಷ್ಟು ಅಂತ ಒಂದು ಶುಲ್ಕ ಹಾಕುತ್ತಾರೆ. ಹಿಂದೆ ನಮಗೆ ಆ ಶುಲ್ಕ ಇರಲಿಲ್ಲ. 2018ರಲ್ಲಿ ನಾವು ಏನೂ ಕಟ್ಟಲಿಲ್ಲ. ಕೊರೋನಾ ಮುಗಿದು 2022ರ ಸೆಪ್ಟೆಂಬರ್ 23ಕ್ಕೆ ಗಡಿ ತೆರೆದಾಗಿನಿಂದ ನಾವೂ ಕಟ್ಟಬೇಕು. ಸುಸ್ಥಿರ ಅಭಿವೃದ್ಧಿ ಶುಲ್ಕ ಅಂತ ಅದರ ಹೆಸರು. ಭಾರತದವರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಇದು ಹೋಟೆಲ್ಲಿನ ಬಾಡಿಗೆ ಅಲ್ಲ, ಊಟದ್ದಲ್ಲ, ಕಾರಿನದ್ದಲ್ಲ. ಸುಮ್ನೆ ಆ ದೇಶದಲ್ಲಿ ಒಂದು ರಾತ್ರಿ ಇದ್ದದ್ದಕ್ಕೆ.

ಗಂಡ ಹೆಂಡತಿ ಇಬ್ಬರು, ಆರು ರಾತ್ರಿ ಅಂದರೆ 14,400 ರೂಪಾಯಿ. ಹತ್ತು ವರ್ಷದ ಮಗು ಒಂದು, ನಾಲ್ಕು ವರ್ಷದ್ದು ಒಂದು ಜೊತೆಗಿದ್ದರೆ ರಾತ್ರಿಗೆ 3,000, ಒಟ್ಟು 18,000. ಇದು ಬುದ್ಧಿಗೆ ಸಿಗುವ ಲೆಕ್ಕ.

ಆದರೆ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ರಜೆಗೆ ಬಂದಾಗ ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಆಸೆ ಇರುತ್ತದೆ. ಅವರು ಅಲ್ಲಿ ಕೆಲಸದ ವೀಸಾದ ಮೇಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತೊಂದರೆ ಇಲ್ಲ, ಅವರಿಗೂ 1,200. ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ ಕಥೆ ಬೇರೆ. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಕೈಯಲ್ಲಿ ಇದ್ದರೂ ಭೂತಾನ್ ಅವರನ್ನು ಅಮೆರಿಕದವರು ಅಂತಲೇ ನೋಡುತ್ತದೆ. ವೀಸಾ ಬೇಕು, ಅದಕ್ಕೆ 40 ಡಾಲರ್. ರಾತ್ರಿಗೆ 100 ಡಾಲರ್. ಮೊದಲು ಅದು 200 ಇತ್ತು, 2023ರ ಸೆಪ್ಟೆಂಬರಿನಿಂದ ಅರ್ಧ ಮಾಡಿದ್ದಾರೆ, 2027ರ ಆಗಸ್ಟ್ ತನಕ ಅಂತ ಹೇಳಿದ್ದಾರೆ. ಆರು ರಾತ್ರಿಗೆ ಒಬ್ಬನಿಗೆ 640 ಡಾಲರ್ ಆಯಿತು. ಅದೇ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತ ಅಪ್ಪನಿಗೆ 7,200 ರೂಪಾಯಿ. ಹೊರಡುವ ಮುಂಚೆ ಮಗನಿಗೆ ಫೋನ್ ಮಾಡಿ ಇದನ್ನು ಹೇಳಿಬಿಡಿ. ಗಡಿಯಲ್ಲಿ ನಿಂತು ಹೇಳುವ ಸುದ್ದಿ ಅಲ್ಲ ಇದು.

ಈ ಶುಲ್ಕ ಬಂದ ಮೇಲೆ ಜನ ಒಂದು ತಪ್ಪು ಮಾಡುತ್ತಿದ್ದಾರೆ. ರಾತ್ರಿಗೆ ದುಡ್ಡು ಕಟ್ಟುತ್ತೇವಲ್ಲ, ಹಾಗಾಗಿ ರಾತ್ರಿ ಕಡಿಮೆ ಮಾಡೋಣ, ಊರು ಮಾತ್ರ ಅಷ್ಟೇ ಇರಲಿ ಅಂತ. ನಾಲ್ಕು ರಾತ್ರಿಯಲ್ಲಿ ಆರು ಊರು ತೋರಿಸುತ್ತೇವೆ ಅನ್ನುವ ಪ್ಯಾಕೇಜುಗಳೂ ಬಂದಿವೆ. ಬೇಡ. ರಾತ್ರಿ ಕಡಿಮೆ ಮಾಡಲೇಬೇಕಾದರೆ ಊರನ್ನೂ ಕಡಿಮೆ ಮಾಡಿ.

ಯಾಕೆ ಅಂತ ಹೇಳುತ್ತೇನೆ. ಭೂತಾನಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ನಮಗೆ ಆಗುಂಬೆ ಘಾಟಿ ಗೊತ್ತು. 14 ತಿರುವು ದಾಟಿದರೆ ಸೋಮೇಶ್ವರ ಬಂತು, ಹೊಟ್ಟೆ ಸರಿಹೋಯಿತು. ಅಲ್ಲಿ ಇಡೀ ದೇಶವೇ ಘಾಟಿ. ಗಂಟೆಗೆ ಮೂವತ್ತು ಕಿಲೋಮೀಟರ್ ಹೋದರೆ ಡ್ರೈವರ್ ಚುರುಕಾಗಿದ್ದಾನೆ ಅಂತ ಅರ್ಥ. ರಾಜಧಾನಿ ಥಿಂಫುವಿನಿಂದ ಪುನಾಖಾ 75 ಕಿಲೋಮೀಟರ್ ಚಿಲ್ಲರೆ, ಮೂರು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಬುಮ್‌ಥಾಂಗ್‌ಗೆ ಒಂದು ಇಡೀ ದಿನ. ವಾಪಸು ಬರಲು ಇನ್ನೊಂದು ದಿನ. ಬುಮ್‌ಥಾಂಗ್ ಬಹಳ ಚೆಂದದ ಜಾಗ, ಆದರೆ ಹತ್ತು ದಿನ ಇಲ್ಲದವರು ಅದರ ಹೆಸರು ಎತ್ತಬಾರದು.

ನಮ್ಮ ಎರಡನೇ ಪ್ರವಾಸದ ಹಂಚಿಕೆ ಇಷ್ಟೇ. ಥಿಂಫುವಿನಲ್ಲಿ ಎರಡು ರಾತ್ರಿ, ಪುನಾಖಾದಲ್ಲಿ ಎರಡು, ಪಾರೋದಲ್ಲಿ ಎರಡು. ಹೋಗುವಾಗ ಗಡಿಯಲ್ಲಿ ಒಂದು ರಾತ್ರಿ ಬೇರೆ. ಈ ಕ್ರಮಕ್ಕೆ ಒಂದು ಕಾರಣ ಇದೆ, ಮುಂದೆ ಹೇಳುತ್ತೇನೆ.

ಯಾವ ತಿಂಗಳು? ಎಲ್ಲರೂ ಎರಡು ಕಾಲ ಹೇಳುತ್ತಾರೆ, ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಆಕಾಶ ತಿಳಿಯಾಗಿ ಹಿಮದ ಬೆಟ್ಟ ಕಾಣಬೇಕು ಅಂದರೆ ಎರಡನೆಯದೇ ಒಳ್ಳೆಯದು. ಆದರೆ ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ತೋಟದವರು. ನವೆಂಬರಿನಲ್ಲಿ ಅಡಿಕೆ ಕೊನೆ ಕೊಯ್ಲು ಬಿಟ್ಟು ಯಾರು ಹೋಗುತ್ತೀರಿ? ಸುಗ್ಗಿ ಮುಗಿದು ಅಡಿಕೆ ಮೂಟೆ ಕಟ್ಟಿದ ಮೇಲೆ, ಏಪ್ರಿಲ್‌ನಲ್ಲಿ ಹೋಗಿ. ಕಣಿವೆ ತುಂಬ ರೋಡೋಡೆಂಡ್ರನ್ ಹೂ ಬಿಟ್ಟಿರುತ್ತದೆ. ಪುನಾಖಾ ಕೋಟೆಯ ಮುಂದೆ ಜಕರಂಡ ಮರಗಳು ನೇರಳೆಯಾಗಿ ನಿಂತಿರುತ್ತವೆ. ಜೂನ್‌ನಿಂದ ಆಗಸ್ಟ್ ಬೇಡ. ಮಳೆ, ಗುಡ್ಡ ಕುಸಿತ, ರಸ್ತೆ ಬಂದ್. ಮಳೆ ನೋಡಲು ತೀರ್ಥಹಳ್ಳಿಯವರು ದುಡ್ಡು ಕೊಟ್ಟು ಹಿಮಾಲಯಕ್ಕೆ ಹೋಗಬೇಕಾ?

ಮಾರ್ಚ್ ಏಪ್ರಿಲ್ ಹೊತ್ತಿಗೆ ಪಾರೋದಲ್ಲಿ ತ್ಸೇಚು ಬರುತ್ತದೆ. ಮುಖವಾಡ ಹಾಕಿ ಕುಣಿಯುವ ಜಾತ್ರೆ. ಕೊನೆಯ ದಿನ ಬೆಳಕು ಹರಿಯುವ ಮುಂಚೆ ದೊಡ್ಡ ಥಾಂಗ್ಡ್ರೆಲ್ ಬಿಡಿಸುತ್ತಾರೆ, ಗೋಡೆಯಷ್ಟು ಎತ್ತರದ ಬಟ್ಟೆಯ ಚಿತ್ರ. ನೋಡಿದರೆ ಪಾಪ ಕಳೆಯುತ್ತದೆ ಅಂತ ನಂಬಿಕೆ. ಅವರ ಪಂಚಾಂಗ ಚಂದ್ರನದ್ದು, ನಮ್ಮ ಯುಗಾದಿಯ ಹಾಗೆ ಪ್ರತಿ ವರ್ಷ ತಾರೀಕು ಜರುಗುತ್ತದೆ. ಜಾತ್ರೆ ನೋಡಲೇಬೇಕು ಅನ್ನುವವರು ಮೊದಲು ತಾರೀಕು ನೋಡಿ, ಆಮೇಲೆ ಟಿಕೆಟ್ ಮಾಡಿ. ಜಾತ್ರೆ ಬೇಡ ಅನ್ನುವವರು ಆ ವಾರ ತಪ್ಪಿಸಿ. ರೂಮು ಸಿಗುವುದಿಲ್ಲ, ಸಿಕ್ಕರೂ ಬೆಲೆ ಜಾಸ್ತಿ.

ಹೋಗುವ ದಾರಿ ಎರಡು. ವಿಮಾನದಲ್ಲಿ ನೇರ ಪಾರೋಗೆ ಇಳಿಯಬಹುದು. ಕೋಲ್ಕತ್ತ, ದೆಹಲಿ, ಬಾಗ್‌ಡೋಗ್ರ, ಗುವಾಹಾಟಿಯಿಂದ ಭೂತಾನಿನದೇ ಎರಡು ಕಂಪನಿಗಳ ವಿಮಾನ ಇವೆ, ಡ್ರುಕ್‌ಏರ್ ಮತ್ತು ಭೂತಾನ್ ಏರ್‌ಲೈನ್ಸ್. ಪ್ರತಿ ದಿನ ಪ್ರತಿ ಊರಿನಿಂದ ಇರುವುದಿಲ್ಲ. ಪಾರೋ ನಿಲ್ದಾಣ ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿದೆ. ಪೈಲಟ್ ಕಣ್ಣಿನಿಂದ ನೋಡಿಕೊಂಡೇ ಇಳಿಸಬೇಕು. ಹಾಗಾಗಿ ಹಗಲು ಮಾತ್ರ, ಗಾಳಿ ಮೋಡ ಇಲ್ಲದಾಗ ಮಾತ್ರ. ರೆಕ್ಕೆ ಇನ್ನೇನು ಯಾರದೋ ಮನೆಯ ಸೂರಿಗೆ ತಾಗಿತು ಅನ್ನಿಸುತ್ತದೆ. ದೆಹಲಿಯಿಂದ ಹೋಗುವವರು ಎಡಗಡೆಯ ಕಿಟಕಿ ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್ ಸಮೇತ ಸಾಲಾಗಿ ಕಾಣುತ್ತದೆ.

ಹವಾಮಾನ ಕೆಟ್ಟರೆ ವಿಮಾನ ನಿಲ್ಲುತ್ತದೆ. ಬೆಳಿಗ್ಗೆ ಪಾರೋ ಬಿಟ್ಟು ಅದೇ ಸಂಜೆ ಕೋಲ್ಕತ್ತದಿಂದ ಬೆಂಗಳೂರಿನ ವಿಮಾನ, ರಾತ್ರಿ ಶಿವಮೊಗ್ಗದ ರೈಲು ಅಂತ ಪೋಣಿಸಿದರೆ ಒಂದು ಮಣಿ ಜಾರಿದರೂ ಸರ ಪೂರ್ತಿ ಹೋಯಿತು. ಮಧ್ಯೆ ಕೋಲ್ಕತ್ತದಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ವಿಮಾನ ಸರಿಯಾಗಿ ಬಂದರೆ ರಸಗುಲ್ಲ ತಿನ್ನಿ.

ಇನ್ನೊಂದು ರಸ್ತೆಯ ದಾರಿ. ನನಗೆ ಇದೇ ಇಷ್ಟ. ಬೆಂಗಳೂರಿನಿಂದ ಬಾಗ್‌ಡೋಗ್ರಕ್ಕೆ ಮೂರು ಗಂಟೆಯ ನೇರ ವಿಮಾನ. ರೈಲಿನವರಾದರೆ ನ್ಯೂ ಜಲ್‌ಪೈಗುರಿಗೆ ಸುಮಾರು ಎರಡು ದಿನ. ಅಲ್ಲಿಂದ ಟೀ ತೋಟಗಳ ನಡುವೆ ನಾಲ್ಕೈದು ಗಂಟೆ ಕಾರಿನಲ್ಲಿ ಹೋದರೆ ಜೈಗಾಂವ್. ಧೂಳು, ಹಾರ್ನು, ತಳ್ಳುಗಾಡಿ. ಒಂದು ಗೇಟು ದಾಟಿದರೆ ಫುಂಟ್ಶೋಲಿಂಗ್. ಹಾರ್ನೇ ಇಲ್ಲ. ಜನ ಜೀಬ್ರಾ ಪಟ್ಟೆಯ ಮೇಲೆ ನಿಂತರೆ ಕಾರುಗಳು ತಾವಾಗಿ ನಿಲ್ಲುತ್ತವೆ. ಒಂದು ಗೋಡೆಯ ಆಚೆ ಈಚೆ ಇಷ್ಟು ವ್ಯತ್ಯಾಸ ನಾನು ಬೇರೆಲ್ಲೂ ನೋಡಿಲ್ಲ. ವಿಮಾನದಲ್ಲಿ ಇಳಿದವರಿಗೆ ಇದು ಸಿಗುವುದಿಲ್ಲ. ದುಡ್ಡು ಹೊಂದಿದರೆ ಹೋಗುವುದು ರಸ್ತೆಯಲ್ಲಿ, ಬರುವುದು ವಿಮಾನದಲ್ಲಿ ಅಂತ ಮಾಡಿಕೊಳ್ಳಿ. ಗೇಟು ದಾಟಿದ ಕೂಡಲೇ ಗಡಿಯಾರ ಅರ್ಧ ಗಂಟೆ ಮುಂದೆ ಹೋಗುತ್ತದೆ, ಡ್ರೈವರ್ ಎಂಟು ಗಂಟೆ ಅಂದರೆ ಯಾರ ಎಂಟು ಅಂತ ಕೇಳಿಕೊಳ್ಳಿ.

ಸ್ವಂತ ಕಾರು ಒಯ್ಯಬಹುದಾ ಅಂತ ನಮ್ಮ ಬಳಗದ ಒಬ್ಬ ಹುಡುಗ ಕೇಳಿದ. ಒಯ್ಯಬಹುದಪ್ಪ, ಆದರೆ ಹೊರಗಿನ ಗಾಡಿಗೆ ದಿನಕ್ಕಿಷ್ಟು ಅಂತ ಭಾರಿ ಶುಲ್ಕ ಇದೆ. ಅಲ್ಲಿಯ ಕಾರು, ಅಲ್ಲಿಯ ಡ್ರೈವರ್ ತಗೊಳ್ಳುವುದೇ ಮೇಲು. ಗೈಡ್ ಕೂಡ ಇರಲಿ. ದುಡ್ಡು ದಂಡ ಅಂತ ಮೊದಲ ಸಲ ನನಗೂ ಅನ್ನಿಸಿತ್ತು. ಆದರೆ ಆ ಗೋಡೆಗಳ ಮೇಲಿನ ಚಿತ್ರಗಳನ್ನು ಯಾರೂ ಬಿಡಿಸಿ ಹೇಳದಿದ್ದರೆ ಎಲ್ಲ ದೇವಸ್ಥಾನವೂ ಒಂದೇ ಥರ ಕಾಣುತ್ತದೆ. ಮೂರನೇದರ ಹೊತ್ತಿಗೆ ಆಕಳಿಕೆ ಬರುತ್ತದೆ.

ಫುಂಟ್ಶೋಲಿಂಗ್‌ನಿಂದ ಥಿಂಫುವಿಗೆ ಹೋಗುವ ರಸ್ತೆಯ ಬಗ್ಗೆ ಒಂದು ಮಾತು. 1958ರಲ್ಲಿ ನೆಹರೂ ಭೂತಾನಿಗೆ ಹೋದಾಗ ಈ ರಸ್ತೆ ಇರಲಿಲ್ಲ. ಸಿಕ್ಕಿಂ ಮೂಲಕ ಟಿಬೆಟಿನ ಚುಂಬಿ ಕಣಿವೆಗೆ ಇಳಿದು, ಕುದುರೆ ಮೇಲೆ ಯಾಕ್ ಮೇಲೆ ದಿನಗಟ್ಟಲೆ ಸಾಗಿ ಪಾರೋ ಸೇರಿದರು. ನಮ್ಮ ಗಡಿ ರಸ್ತೆ ಸಂಸ್ಥೆ 1961ರಲ್ಲಿ ದಂತಕ್ ಅನ್ನುವ ಯೋಜನೆ ಶುರುಮಾಡಿ ಅಲ್ಲಿ ರಸ್ತೆ ಕಡಿಯಿತು. ಈಗ ಐದಾರು ಗಂಟೆಯ ಹಾದಿ. ದಾರಿಯಲ್ಲಿ ದಂತಕ್‌ನವರ ಕ್ಯಾಂಟೀನ್ ಸಿಗುತ್ತದೆ. ಮಂಜು ಮುಸುಕಿದ ಬೆಟ್ಟದ ಅಂಚಿನಲ್ಲಿ ಮಸಾಲೆ ದೋಸೆ! ನಮ್ಮ ದಾವಣಗೆರೆ ಬೆಣ್ಣೆ ದೋಸೆಗೆ ಹೋಲಿಸಬೇಡಿ. ಆ ಚಳಿಯಲ್ಲಿ ಬಿಸಿ ಸಾಂಬಾರು ಸಿಕ್ಕಿದ್ದೇ ಪುಣ್ಯ. ಘಾಟಿಯಲ್ಲಿ ಹೊಟ್ಟೆ ತೊಳಸುವವರು ಹೊರಡುವ ಅರ್ಧ ಗಂಟೆ ಮುಂಚೆ ವಾಂತಿ ಮಾತ್ರೆ ನುಂಗಿ, ಮುಂದಿನ ಸೀಟು ಹಿಡಿಯಿರಿ. ಇದು ನನ್ನ ಹೆಂಡತಿಯ ಮಾತು, ಕಡ್ಡಾಯವಾಗಿ ಹೇಳು ಅಂದಿದ್ದಾಳೆ.

ಎತ್ತರದ ವಿಷಯಕ್ಕೆ ಬರುತ್ತೇನೆ. ಕೊಡಚಾದ್ರಿಯ ನೆತ್ತಿ 1,343 ಮೀಟರ್. ಕರ್ನಾಟಕದಲ್ಲೇ ಎತ್ತರದ್ದು ಮುಳ್ಳಯ್ಯನಗಿರಿ, 1,930. ಥಿಂಫುವಿನ ಪೇಟೆ ಬೀದಿ ಅದಕ್ಕಿಂತ ಮೇಲಿದೆ, 2,300ಕ್ಕೂ ಜಾಸ್ತಿ. ಮೊದಲ ದಿನ ತಲೆ ಭಾರ ಆಗಬಹುದು, ಮೆಟ್ಟಿಲು ಹತ್ತಿದರೆ ಏದುಸಿರು ಬರಬಹುದು. ಹೆದರಬೇಡಿ. ನೀರು ಜಾಸ್ತಿ ಕುಡಿಯಿರಿ, ಮೊದಲ ಸಂಜೆ ಸುಮ್ನೆ ಪೇಟೆಯಲ್ಲಿ ನಿಧಾನಕ್ಕೆ ಅಡ್ಡಾಡಿ. ಟ್ರಾಫಿಕ್ ದೀಪವೇ ಇಲ್ಲದ ರಾಜಧಾನಿ ಅದು. ಚಿತ್ರ ಬರೆದ ಪುಟ್ಟ ಮಂಟಪದಲ್ಲಿ ಪೊಲೀಸ್ ನಿಂತು, ಬಿಳಿ ಗ್ಲೌಸಿನ ಕೈ ಬೀಸಿ ಗಾಡಿ ಬಿಡುತ್ತಾನೆ. ಅದನ್ನು ನೋಡುತ್ತ ಹತ್ತು ನಿಮಿಷ ನಿಂತರೂ ಬೇಜಾರಿಲ್ಲ. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆ ಚೀಟಿ ಸಮೇತ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಅಲ್ಲ. ಪ್ರವಾಸ ವಿಮೆ ಮಾಡಿಸಿ.

ಈಗ ನಮ್ಮ ಊರುಗಳ ಕ್ರಮಕ್ಕೆ ಕಾರಣ ಹೇಳುತ್ತೇನೆ. ಎಲ್ಲರೂ ಭೂತಾನಿಗೆ ಹೋಗುವುದು ಒಂದು ಚಿತ್ರ ನೋಡಿ. ಬಂಡೆಯ ಗೋಡೆಗೆ ಜೇನುಗೂಡಿನ ಹಾಗೆ ಅಂಟಿಕೊಂಡ ಗುಡಿ, ತಕ್ಸಾಂಗ್. ಅಲ್ಲಿಗೆ ಬೌದ್ಧ ಧರ್ಮ ತಂದ ಗುರು ರಿಂಪೋಚೆ ಹೆಣ್ಣು ಹುಲಿಯ ಬೆನ್ನೇರಿ ಹಾರಿಬಂದು ಅಲ್ಲಿಯ ಗುಹೆಯಲ್ಲಿ ತಪಸ್ಸು ಮಾಡಿದರು ಅಂತ ಕಥೆ. 1692ರಲ್ಲಿ ಕಟ್ಟಿದ್ದು, 1998ರಲ್ಲಿ ಬೆಂಕಿಗೆ ಸುಟ್ಟು, ಮತ್ತೆ ಕಟ್ಟಿದರು. ಅದಿರುವುದು ಪಾರೋದಲ್ಲಿ. ವಿಮಾನದಲ್ಲಿ ಪಾರೋಗೆ ಇಳಿದವರು ಮರುದಿನವೇ ಅದನ್ನು ಹತ್ತಲು ಹೊರಡುತ್ತಾರೆ. ಅದೇ ತಪ್ಪು. ಹತ್ತಲು ಶುರುಮಾಡುವ ಜಾಗವೇ 2,600 ಮೀಟರ್, ಗುಡಿ ಇರುವುದು 3,120ರಲ್ಲಿ. ತಕ್ಸಾಂಗ್ ಕೊನೆಗಿರಲಿ. ಅಷ್ಟು ಹೊತ್ತಿಗೆ ಮೈ ಎತ್ತರಕ್ಕೆ ಹೊಂದಿರುತ್ತದೆ.

ಬೆಳಿಗ್ಗೆ ಏಳೂವರೆಗೆ ಬುಡದಲ್ಲಿರಿ. ಹತ್ತಲು ಎರಡೂವರೆ ಮೂರು ಗಂಟೆ. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ ಇದೆ. ಅಲ್ಲಿವರೆಗೆ ಕುದುರೆ ಸಿಗುತ್ತದೆ, ಆದರೆ ಹತ್ತುವಾಗ ಮಾತ್ರ. ಇಳಿಯುವುದು ನಿಮ್ಮ ಕಾಲಿನ ಮೇಲೇ. ಕೆಫೆಟೇರಿಯಾ ದಾಟಿ ಇನ್ನಷ್ಟು ಹತ್ತಿದರೆ ಗುಡಿ ಎದುರಿಗೇ, ಕೈಗೆ ಸಿಕ್ಕಿತು ಅನ್ನುವ ಹಾಗೆ ಕಾಣುತ್ತದೆ. ಸಿಗುವುದಿಲ್ಲ. ನಡುವೆ ಕಮರಿ ಇದೆ. ನೂರಾರು ಮೆಟ್ಟಿಲು ಇಳಿದು, ಜಲಪಾತದ ಹತ್ತಿರ ಸೇತುವೆ ದಾಟಿ, ಮತ್ತೆ ಹತ್ತಬೇಕು. ವಾಪಸು ಬರುವಾಗ ಅದನ್ನೇ ಮತ್ತೆ. ಮಂಡಿ ನೋವಿನವರನ್ನು ಈ ಮೆಟ್ಟಿಲುಗಳೇ ಮುರಿಯುವುದು. ಟಿಕೆಟ್ ಬುಡದಲ್ಲೇ ಕೊಳ್ಳಬೇಕು, ಮೇಲೆ ಕೊಡುವುದಿಲ್ಲ.

ನನ್ನ ಹೆಂಡತಿ ಕೆಫೆಟೇರಿಯಾದಲ್ಲೇ ಕೂತಳು. ನಾನು ಮೇಲೆ ಹೋಗಿ ನಾಲ್ಕು ಗಂಟೆ ಬಿಟ್ಟು ಕುಂಟುತ್ತ ಬಂದೆ. ಅಷ್ಟು ಹೊತ್ತು ಆಕೆ ಬಿಸಿಲಿನಲ್ಲಿ ಚಹಾ ಕುಡಿಯುತ್ತ, ಎದುರಿಗೆ ಗುಡಿ ನೋಡುತ್ತ, ಕೆಂಪು ಬಟ್ಟೆಯ ಒಬ್ಬ ಬಿಕ್ಷುವಿನ ಜೊತೆ ಕನ್ನಡದಲ್ಲಿ ಹರಟೆ ಹೊಡೆಯುತ್ತಿದ್ದಳು. ಹೌದು, ಕನ್ನಡದಲ್ಲಿ. ಅವರು ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದಲ್ಲಿ ಓದಿದವರು. ನಾವು ಗೋಲ್ಡನ್ ಟೆಂಪಲ್ ಅಂತ ಕರೆದು ಫೋಟೋ ತೆಗೆಸಿಕೊಂಡು ಬರುತ್ತೇವಲ್ಲ, ಅದೇ. ಭೂತಾನಿನ ಎಷ್ಟೋ ಹುಡುಗರು ಅಲ್ಲಿ ಓದಲು ಬರುತ್ತಾರೆ. ನನ್ನನ್ನು ಕಂಡವರೇ ಅವರು ಕೇಳಿದ್ದು, 'ಕುಶಾಲನಗರದಲ್ಲಿ ಮಳೆ ಶುರುವಾಯ್ತಾ?' ಅಂತ. ಎರಡೂ ಪ್ರವಾಸ ಸೇರಿಸಿ ನೆನಪಿನಲ್ಲಿ ಉಳಿದ ಮಾತು ಯಾವುದು ಅಂದರೆ ಅದೇ. ಮೇಲೆ ಹತ್ತಿದ್ದು ನಾನು, ಸಿಕ್ಕಿದ್ದು ಅವಳಿಗೆ.

ಪುನಾಖಾಕ್ಕೆ ಎರಡು ರಾತ್ರಿ ಯಾಕೆ ಅಂತ ಕೇಳಿದಿರಿ. ಥಿಂಫುವಿನಿಂದ ದೋಚುಲಾ ಘಾಟಿಯ ನೆತ್ತಿ ದಾಟಿ ಹೋಗಬೇಕು. 3,100 ಮೀಟರ್ ಎತ್ತರ, 108 ಚೋರ್ಟೆನ್‌ಗಳು ಅಂದರೆ ಪುಟ್ಟ ಸ್ತೂಪಗಳು, ಬೆಳಿಗ್ಗೆ ಬೇಗ ಹೋದರೆ ಹಿಮದ ಶಿಖರಗಳ ಸಾಲು. ಅಲ್ಲಿಂದ ಇಳಿಯುತ್ತ ಇಳಿಯುತ್ತ ಸ್ವೆಟರು ಬಿಚ್ಚುತ್ತ ಹೋಗುತ್ತೀರಿ. ಪುನಾಖಾ 1,200 ಮೀಟರ್ ಸುಮಾರು. ಬಾಳೆ ಗಿಡ, ಗದ್ದೆ. ನಮಗೆ ಅಲ್ಲಿ ನಿದ್ದೆ ಚೆನ್ನಾಗಿ ಬಂತು. ಗಂಡು ಹೊಳೆ ಹೆಣ್ಣು ಹೊಳೆ ಅಂತ ಎರಡು ನದಿ, ಫೋ ಛು ಮತ್ತು ಮೋ ಛು. ಅವು ಕೂಡುವ ಮೂಲೆಯಲ್ಲಿ ಕೋಟೆ. ಭೂತಾನನ್ನು ಒಂದು ಮಾಡಿದ ಶಬ್‌ದ್ರುಂಗ್ ನ್ಗವಾಂಗ್ ನಮ್‌ಗ್ಯಾಲ್ 1637ರಲ್ಲಿ ಕಟ್ಟಿಸಲು ಶುರುಮಾಡಿದ್ದು. ತುಂಗಾ ಭದ್ರಾ ಕೂಡುವ ಕೂಡಲಿಯನ್ನು ನೋಡಿದವರಿಗೆ ಸಂಗಮದ ಬೆಲೆ ಬೇರೆ ಹೇಳಬೇಕಿಲ್ಲ. ಸಂಜೆ ಹೊಳೆಯ ಆಚೆ ದಂಡೆಯಲ್ಲಿ ಕೂರಿ. ಪ್ಯಾಕೇಜಿನವರು ಆ ಹೊತ್ತಿಗೆ ಎಲ್ಲರನ್ನೂ ಥಿಂಫುವಿಗೆ ವಾಪಸು ತುಂಬಿಕೊಂಡು ಹೋಗಿರುತ್ತಾರೆ.

ಪುನಾಖಾದ ಹತ್ತಿರವೇ ಚಿಮಿ ಲಾಖಾಂಗ್ ಇದೆ. ದ್ರುಕ್ಪಾ ಕುನ್ಲೆ ಅನ್ನುವ ತುಂಟ ಸಂತನ ಗುಡಿ. ಮಕ್ಕಳಾಗದವರು ಹರಕೆ ಹೊರುತ್ತಾರೆ. ಆ ಊರಿನ ಮನೆಗಳ ಗೋಡೆಯ ಮೇಲೆ, ಅಂಗಡಿಗಳ ತುಂಬ, ಲಿಂಗ ಅಂದರೆ ನಮ್ಮ ಶಿವಲಿಂಗದ ಹಾಗೆ ಸಂಕೇತದ್ದಲ್ಲ, ಸಾಕ್ಷಾತ್ ಅದೇ, ರಿಬ್ಬನ್ ಕಟ್ಟಿ, ಕಣ್ಣು ಬಿಡಿಸಿ ಬರೆದಿರುತ್ತಾರೆ. ಅವರಿಗೆ ಅದು ದೃಷ್ಟಿ ತೆಗೆಯುವ ಗುರುತು. ಅತ್ತೆ ಮಾವನ ಜೊತೆ ಹೋಗುವ ಹೊಸ ಅಳಿಯಂದಿರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು ಅಂತ ಹೇಳಿದೆ, ಅಷ್ಟೇ.

ಕೋಟೆ, ಗುಡಿಗಳಿಗೆ ಹೋಗುವಾಗ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ಟೋಪಿ ತೆಗೆಯಬೇಕು, ಮಂಕಿ ಟೋಪಿಗೂ ವಿನಾಯಿತಿ ಇಲ್ಲ. ಗರ್ಭಗುಡಿಯೊಳಗೆ ಫೋಟೋ ಇಲ್ಲ. ಪ್ರದಕ್ಷಿಣೆ ನಮ್ಮ ಹಾಗೇ ಬಲಕ್ಕೆ.

ಊಟ. ಸಸ್ಯಾಹಾರಿಗಳು ಹೆದರಬೇಡಿ. ಅವರ ಮುಖ್ಯ ಅಡುಗೆ ಎಮಾ ದಾತ್ಶಿ. ಎಮಾ ಅಂದರೆ ಮೆಣಸಿನಕಾಯಿ, ದಾತ್ಶಿ ಅಂದರೆ ಚೀಸ್. ನಮಗೆ ಮೆಣಸು ಒಗ್ಗರಣೆಗೆ, ಅವರಿಗೆ ಅದೇ ತರಕಾರಿ. ಖಾರ ತಡೆಯದವರು ಕೇವಾ ದಾತ್ಶಿ ಕೇಳಿ, ಅದು ಆಲೂಗಡ್ಡೆಯದ್ದು. ಶಾಮು ದಾತ್ಶಿ ಅಣಬೆಯದ್ದು. ಜೊತೆಗೆ ಕೆಂಪಕ್ಕಿ ಅನ್ನ. ಶಾಕಮ್ ಅಂದರೆ ಒಣಗಿಸಿದ ದನದ ಮಾಂಸ, ಆ ಪದ ನೆನಪಿಡಿ. ಸುಜಾ ಅನ್ನುವ ಬೆಣ್ಣೆ ಚಹಾ ಉಪ್ಪುಪ್ಪಾಗಿರುತ್ತದೆ. ಚಹಾ ಅಂದುಕೊಂಡು ಕುಡಿದರೆ ಬೇಸರ, ಸಾರು ಅಂದುಕೊಂಡು ಕುಡಿದರೆ ರುಚಿ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಡುಗೆಯವನನ್ನೇ ಕರೆದುಕೊಂಡು ಹೋಗಿ ಮೂರು ಹೊತ್ತೂ ಉಪ್ಪಿಟ್ಟು ತಿನ್ನುವ ಪ್ಯಾಕೇಜಿಗೆ ಮಾತ್ರ ಬೇಡ ಅನ್ನುತ್ತೇನೆ.

ಇಲ್ಲಿ ಹಿಂದಿನ ಸಾಲಿನಿಂದ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. 'ಅಲ್ಲಿಂದ ಅಡಿಕೆ ತರಿಸ್ತಾರಲ್ಲ, ಅದನ್ನ ನೋಡಿದಿರಾ?'

ನೋಡಿದೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ, ಅಂದರೆ ಇದಕ್ಕಿಂತ ಅಗ್ಗಕ್ಕೆ ತರಬಾರದು ಅನ್ನುವ ಮಿತಿಯ, ಹಂಗಿಲ್ಲದೆ ತರಲು ಬಿಟ್ಟಾಗ ಇಲ್ಲಿ ಎಷ್ಟು ಗಲಾಟೆ ಆಯಿತು ಅಂತ ನಿಮಗೇ ಗೊತ್ತು. ಆಗ ತರಲು ಬಿಟ್ಟದ್ದು ನಾನು ಹೇಳಿದ ಅದೇ ಜೈಗಾಂವ್ ದಾರಿಯಲ್ಲಿ. ಭೂತಾನಿನ ದಕ್ಷಿಣದ ತಗ್ಗು ಜಿಲ್ಲೆಗಳಲ್ಲಿ ತೋಟಗಳಿವೆ. ಬೆಲೆಯ ರಾಜಕೀಯ ಇವತ್ತಿನ ವಿಷಯ ಅಲ್ಲ. ಆದರೆ ಕವಳದ ವಿಷಯ ಹೇಳಲೇಬೇಕು. ಅಲ್ಲಿ ಅದಕ್ಕೆ ದೋಮಾ ಅಂತಾರೆ. ಎಲೆ, ಸುಣ್ಣ, ಅಡಿಕೆ. ಸಣ್ಣ ಅಂಗಡಿಗಳಲ್ಲೆಲ್ಲ ಕಟ್ಟಿಟ್ಟಿರುತ್ತಾರೆ. ಮನೆಗೆ ಬಂದವರಿಗೆ ಕೊಡುವುದು ಮರ್ಯಾದೆ, ನಮ್ಮ ಎಲೆಅಡಿಕೆ ತಟ್ಟೆಯ ಹಾಗೇ. ಸಾವಿರಾರು ಕಿಲೋಮೀಟರ್ ಆಚೆ ಹೋಗಿ, ಎಲೆಗೆ ಸುಣ್ಣ ಸವರುವ ಹೆಬ್ಬೆರಳು ನೋಡಿದಾಗ ನನಗೆ ನಮ್ಮ ಅಪ್ಪನ ನೆನಪಾಯಿತು.

ಧೈರ್ಯ ಮಾಡಿ ಒಂದು ಹಾಕಿಕೊಂಡೆ. ನಲವತ್ತು ವರ್ಷ ಕವಳ ಹಾಕಿದ ಬಾಯಿ ಇದು. ಆದರೆ ಅದು ನಮ್ಮ ಬೇಯಿಸಿ ಒಣಗಿಸಿದ ಕೆಂಪಡಿಕೆ ಅಲ್ಲ. ಹಸಿಯದು, ಹುಳಿತ ವಾಸನೆ. ಎರಡು ನಿಮಿಷಕ್ಕೆ ಕಿವಿ ಬಿಸಿಯಾಯಿತು, ಬೆವರು ಬಂತು, ಕಟ್ಟೆ ಹುಡುಕಿಕೊಂಡು ಕೂತೆ. ಡ್ರೈವರ್ ನಕ್ಕು ನೀರು ಕೊಟ್ಟ. ಚಳಿಗೆ ಅದೇ ಅವರ ಹೀಟರ್ ಅಂತೆ. ಹಾಕಿಕೊಳ್ಳುವವರು ಅರ್ಧ ಹಾಕಿಕೊಳ್ಳಿ, ಕೂತು ಹಾಕಿಕೊಳ್ಳಿ, ರಸ್ತೆಯಲ್ಲಿ ಉಗಿಯಬೇಡಿ. ಸಿಗರೇಟಿನವರಿಗೂ ಒಂದು ಮಾತು, ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ.

ಚಿಲ್ಲರೆ ವಿಷಯಗಳು ಒಂದಿಷ್ಟು ಉಳಿದಿವೆ. ಅಲ್ಲಿಯ ನಾಣ್ಯ ನ್ಗುಲ್ಟ್ರಮ್, ನಮ್ಮ ರೂಪಾಯಿಗೆ ಸರಿಸಮ. ನಮ್ಮ ನೋಟು ನಡೆಯುತ್ತದೆ, ಆದರೆ ದೊಡ್ಡ ನೋಟು ಮುಟ್ಟಲು ಹಿಂಜರಿಯುವ ಅಂಗಡಿಯವರನ್ನು ನೋಡಿದ್ದೇನೆ. ನೂರರ ಕಟ್ಟು ಒಯ್ಯಿರಿ. ಯುಪಿಐ 2021ರಿಂದ ಅಲ್ಲೂ ಬಂದಿದೆ, ಎಲ್ಲ ಕಡೆ ನಡೆಯುತ್ತದೆ ಅಂತ ನಂಬಿ ಕೂರಬೇಡಿ. ಉಳಿದ ನ್ಗುಲ್ಟ್ರಮ್ ಅಲ್ಲೇ ಖರ್ಚು ಮಾಡಿ ಬನ್ನಿ, ತೀರ್ಥಹಳ್ಳಿ ಸಂತೆಯಲ್ಲಿ ನಡೆಯುವುದಿಲ್ಲ. ಗಡಿ ದಾಟಿದ ಕೂಡಲೇ ಅಲ್ಲಿಯ ಸಿಮ್ ಹಾಕಿಸಿಕೊಳ್ಳಿ. ಬಟ್ಟೆ ದಪ್ಪದ್ದು ಒಂದರ ಬದಲು ತೆಳುವಿನದು ಮೂರು ಇರಲಿ, ಒಂದೇ ದಿನದಲ್ಲಿ ದೋಚುಲಾದ ಚಳಿ ಪುನಾಖಾದ ಸೆಕೆ ಎರಡೂ ಸಿಗುತ್ತವೆ.

ಬರುವ ಏಪ್ರಿಲ್‌ನಲ್ಲಿ ನಮ್ಮ ಬಳಗದಿಂದಲೇ ಹತ್ತು ಜನ ಹೋಗೋಣ ಅಂತ ಮಾತಾಗಿದೆ. ಹೆಸರು ಕೊಟ್ಟವರು ಮುಂದಿನ ಭಾನುವಾರ ನಮ್ಮ ಮನೆಗೆ ಬನ್ನಿ. ಬರುವಾಗ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್, ಅಸಲಿಯೇ ತರಬೇಕು, ಹೆಸರು ಫೋಟೋ ಎಲ್ಲ ನಾನೇ ನೋಡುತ್ತೇನೆ. ಭಾವ ಕೂಡ ಬರುತ್ತಾರಂತೆ. ಅವರ ಪಾಸ್‌ಪೋರ್ಟ್ ಹೋದ ವಾರವೇ ತರಿಸಿಕೊಂಡು ನನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ.